ಹೊಳೆ ದಾಟಿ ಮರ ಅಳೆದದ್ದು

ಹರಿಗೋಲು

ಪರದೇಶಕ್ಕೆ ಹೋಗಿ ಬಂದೆ ಎಂದರೆ ತುಮಕೂರಿನ ನಮ್ಮ ಬೀದಿಯವರು ನಗುತ್ತಾರೆ. ಹಡಗು ಹತ್ತಲಿಲ್ಲ, ಸಮುದ್ರ ಕಾಣಲಿಲ್ಲ. ಹೊಸಪೇಟೆಯವರೆಗೆ ರೈಲು, ಅಲ್ಲಿಂದ ಜಟಕಾ, ಆಮೇಲೆ ಒಂದು ಹೊಳೆ, ಅಷ್ಟೇ. ಆದರೆ ಆ ಹೊಳೆಯ ಆಚೆ ದಡದಲ್ಲಿ ದೊರೆ ಬೇರೆ, ನಾಣ್ಯ ಬೇರೆ, ಕಚೇರಿಯ ಬರಹ ಬಲದಿಂದ ಎಡಕ್ಕೆ. ನಮ್ಮ ಗಂಟು ಬಿಚ್ಚಿ ನೋಡಿ ಒಳಗೆ ಬಿಡುತ್ತಾರೆ. ಇಷ್ಟೆಲ್ಲ ಇದ್ದ ಮೇಲೆ ಅದು ಪರದೇಶವಲ್ಲದೆ ಮತ್ತೇನು? ಜನ ಕನ್ನಡ ಮಾತಾಡುತ್ತಾರೆ ಎನ್ನುವುದೊಂದೇ ಗೊಂದಲ.

ನನ್ನನ್ನು ಈ ಪ್ರವಾಸಕ್ಕೆ ಹೊರಡಿಸಿದವರು ನಮ್ಮ ಬೀದಿಯ ಸುಬ್ಬರಾಯರು. ಕಾಡಿನ ಇಲಾಖೆಯಲ್ಲಿ ರೇಂಜರಾಗಿದ್ದು ನಿವೃತ್ತರಾದವರು. ತುಂಗಭದ್ರೆಗೆ ದೊಡ್ಡ ಅಣೆಕಟ್ಟು ಬರುತ್ತದೆ, ಮೇಲುಗಡೆಯ ಹೊಳೆಸಾಲಿನ ಕಾಡು ಮುಳುಗುತ್ತದೆ ಎಂಬ ಸುದ್ದಿ ಕೇಳಿದಂದಿನಿಂದ ಅವರಿಗೆ ನಿದ್ದೆ ಇರಲಿಲ್ಲ. ಮುಳುಗುವ ಮುಂಚೆ ಅಲ್ಲಿಯ ಅತಿ ಎತ್ತರದ ಮರಗಳು ಯಾವುವು, ಎಷ್ಟೆತ್ತರ, ಎಷ್ಟು ಸುತ್ತಳತೆ ಎಂದು ಯಾರಾದರೂ ಬರೆದಿಡಬೇಕು ಎಂದು ಅವರ ಹಟ. ಅವರ ಮೊಣಕಾಲು ಮನೆಯ ಮೆಟ್ಟಿಲನ್ನೇ ಇಳಿಯಗೊಡುತ್ತಿರಲಿಲ್ಲ. ಹಾಗಾಗಿ ಬೇಸಿಗೆ ರಜೆಯಲ್ಲಿ ಜಗಲಿಯ ಮೇಲೆ ಕೂತು ಬೀಸಣಿಗೆ ಆಡಿಸುತ್ತಿದ್ದ ಗಣಿತದ ಮೇಷ್ಟ್ರಾದ ನಾನು ಅವರ ಕಣ್ಣಿಗೆ ಬಿದ್ದೆ.

ನನ್ನ ಬಳಿ ಒಂದು ಉಪಕರಣವಿತ್ತು. ನಾನೇ ಮಾಡಿದ್ದು. ಹಲಸಿನ ಹಲಗೆಯ ಅರ್ಧ ಚಕ್ರ, ಅಂಚಿಗೆ ಕೈಯಲ್ಲೇ ಗೀರಿದ ಡಿಗ್ರಿಗಳು, ನಡುವಿನಿಂದ ಒಂದು ದಾರ, ದಾರದ ತುದಿಗೆ ಸೀಸದ ಗುಂಡು. ಮರದ ತುದಿಯನ್ನು ಅದರ ಅಂಚಿನ ನೇರಕ್ಕೆ ಹಿಡಿದು, ದಾರ ನಲವತ್ತೈದರ ಗೀರಿಗೆ ಬರುವವರೆಗೆ ಹಿಂದಕ್ಕೆ ನಡೆಯಬೇಕು. ಎಷ್ಟು ದೂರ ನಡೆದೆವೋ ಅಷ್ಟಕ್ಕೆ ನಮ್ಮ ಕಣ್ಣಿನ ಎತ್ತರ ಕೂಡಿಸಿದರೆ ಮರದ ಎತ್ತರ ಬಂತು. ಇಪ್ಪತ್ತೇಳು ವರ್ಷ ಹುಡುಗರಿಗೆ ಇದನ್ನು ಕರಿಹಲಗೆಯ ಮೇಲೆ ಬರೆದು ತೋರಿಸಿದ್ದೆ. ನಿಜವಾದ ಮರದ ಮುಂದೆ ಒಮ್ಮೆಯೂ ನಿಂತಿರಲಿಲ್ಲ.

ಹರಿಗೋಲು ಎಂದರೆ ಚರ್ಮ ಹೊದಿಸಿದ ದೊಡ್ಡ ಬುಟ್ಟಿ. ಅದಕ್ಕೆ ಮುಂದು ಹಿಂದು ಇಲ್ಲ. ತಿರುಗುತ್ತ ತಿರುಗುತ್ತ ಹೋಗುವುದರಿಂದ ನಾನು ಆಚೆ ದಡದ ಆನೆಗೊಂದಿಯನ್ನು ಏಳೆಂಟು ಸಲ ನೋಡಿದೆ, ಹೊಸಪೇಟೆಯ ಕಡೆಯನ್ನೂ ಅಷ್ಟೇ ಸಲ. ದಡ ಮುಟ್ಟಿದಾಗ ಯಾವ ದೇಶಕ್ಕೆ ಬಂದಿದ್ದೇನೆ ಎಂದು ಕ್ಷಣಕಾಲ ತಿಳಿಯಲಿಲ್ಲ.

ನಾಕಾ

ಸುಂಕದ ನಾಕಾದಲ್ಲಿ ಒಬ್ಬ ಗುಮಾಸ್ತ, ಒಂದು ಮೇಜು, ಮೇಜಿನ ಕೆಳಗೆ ಮಲಗಿದ್ದ ಒಂದು ಮೇಕೆ. ಗುಮಾಸ್ತ ನನ್ನ ಪಂಚೆ, ಚಟ್ನಿಪುಡಿಯ ಡಬ್ಬಿ, ಅಳತೆಯ ಟೇಪು ಎಲ್ಲವನ್ನೂ ನೋಡಿ, ಅರ್ಧ ಚಕ್ರವನ್ನು ಮಾತ್ರ ಎತ್ತಿ ಹಿಡಿದ. ಸೀಸದ ಗುಂಡು ತೂಗಾಡಿತು.

"ಇದರಾಗ ಏನ ತೂಗತೀರಿ?"

"ತೂಗೋದಲ್ಲ ಸ್ವಾಮಿ, ಮರ ಅಳೆಯೋದು."

"ಗಿಡಾ ತೂಗಾಕ ಹೊಳಿ ದಾಟಿ ಬಂದೀರೇನ್ರಿ? ನಿಮ್ಮ ಕಡಿ ಗಿಡಾ ಇಲ್ಲೇನು?"

ಇಲ್ಲಿ ಮರಕ್ಕೆಲ್ಲ ಗಿಡ ಎನ್ನುತ್ತಾರೆ. ನೂರಾರು ವರ್ಷದ ಆಲವೂ ಗಿಡ, ಅಂಗಳದ ತುಳಸಿಯೂ ಗಿಡ. ನಾನು ವಿವರಿಸಲು ಹೋದೆ. ಬಿಸಿಲಿನಲ್ಲಿ ತ್ರಿಕೋನದ ಪಾಠ ಕೇಳಲು ಆತ ಸಿದ್ಧನಿರಲಿಲ್ಲ. ಉರ್ದುವಿನಲ್ಲಿ ಒಂದು ಸಾಲು ಗೀಚಿ ಚೀಟಿ ಕೊಟ್ಟ. ಗಂಗಾವತಿಗೆ ಹೋದ ಮೇಲೆ ಅದನ್ನು ಓದಿಸಿದೆ. "ಮರ ತೂಗುವ ತಕ್ಕಡಿ, ಒಂದು" ಎಂದಿತ್ತು. ಆ ಚೀಟಿಯನ್ನು ಇಂದಿಗೂ ಇಟ್ಟುಕೊಂಡಿದ್ದೇನೆ.

ಗಂಗಾವತಿ

ಚೀಟಿ ಓದಿ ಹೇಳಿದವರು ಹುಸೇನಸಾಬರು. ಅರವತ್ತರ ಹತ್ತಿರದ ವಯಸ್ಸು, ಒಣಗಿದ ಜಾಲಿಯಂಥ ಮೈ, ಬಿಳಿಯ ಟೋಪಿ. ಜಮೀನು ಅಳೆಯುವ ಅಧಿಕಾರಿಗಳ ಹಿಂದೆ ಮೂವತ್ತು ವರ್ಷ ಸರಪಳಿ ಹಿಡಿದು ನಡೆದವರು. ಇತ್ತೀಚೆಗೆ ಅಣೆಕಟ್ಟಿನ ಮಟ್ಟ ನೋಡುವವರ ಜೊತೆಗೂ ಹೋಗಿಬಂದಿದ್ದರು. ಕಚೇರಿಯಲ್ಲಿ ನನಗೆ ಅನುಮತಿಯ ಕಾಗದದ ಜೊತೆ ಇವರನ್ನೂ ಕೊಟ್ಟರು. ಕಾಗದ ಒಂದು ಕಡೆಯೂ ಉಪಯೋಗಕ್ಕೆ ಬರಲಿಲ್ಲ. ಹುಸೇನಸಾಬರು ಎಲ್ಲ ಕಡೆಯೂ ಬಂದರು.

ಮೊದಲ ಅಳತೆ ಹನುಮನಹಳ್ಳಿಯ ಹತ್ತಿರದ ಒಂದು ಹುಣಸೆ. ಅರ್ಧ ಚಕ್ರ ಕಣ್ಣಿಗೆ ಹಿಡಿದು ಹಿಂದು ಹಿಂದಕ್ಕೆ ನಡೆದೆ. ಕರಿಹಲಗೆಯ ಮೇಲೆ ಜಾಲಿಮುಳ್ಳು ಇರುವುದಿಲ್ಲ, ಇಲ್ಲಿತ್ತು. ಹುಸೇನಸಾಬರು ನನ್ನ ಬೆನ್ನಿನಿಂದ ಮುಳ್ಳು ಕೀಳುತ್ತ, "ಮಾಸ್ತರ, ನಿಮ್ಮ ಲೆಕ್ಕದಾಗ ಹಿಂದ ನೋಡೂದು ಇಲ್ಲೇನ್ರಿ?" ಎಂದರು. ಆಮೇಲೆ ನಾನು ಹಿಂದಕ್ಕೆ ನಡೆಯುವಾಗಲೆಲ್ಲ ಅವರು ನನ್ನ ಬೆನ್ನಿಗೆ ಒಂದು ಕೈ ಆನಿಸಿ ಕುರುಡನನ್ನು ನಡೆಸುವಂತೆ ನಡೆಸಿದರು.

ಸುತ್ತಳತೆಯ ಕಥೆ ಬೇರೆ. ಟೇಪು ಹಿಡಿದು ಒಂದು ಆಲದ ಮರವನ್ನು ಸುತ್ತುತ್ತಿದ್ದೆ. ನೀರಿಗೆ ಹೊರಟಿದ್ದ ಹೆಂಗಸರು ಕೊಡ ಇಳಿಸಿ ನಿಂತರು. ಆಲಕ್ಕೆ ದಾರ ಸುತ್ತುವುದು ಗಂಡನ ಆಯುಷ್ಯಕ್ಕಾಗಿ ಹೆಂಡತಿ ಮಾಡುವ ವ್ರತ. ಅವರಲ್ಲಿ ಒಬ್ಬಾಕೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೇಳಿದಳು.

"ಹೆಂಡ್ತಿ ಮ್ಯಾಲ ಭಾಳ ಜೀವ ಕಾಣತೈತಿ ಮಾಸ್ತರ್ಗೆ. ಎಷ್ಟ ಸುತ್ತ ಬೇಡಿಕೊಂಡೀರಿ?"

ನಾನು ಟೇಪು ನೋಡಿ "ಮೂವತ್ತೊಂದಡಿ" ಎಂದೆ. ನಕ್ಕು ನಕ್ಕು ಒಬ್ಬಳ ಕೊಡ ಉರುಳಿತು. ಊರಿಗೆ ಬಂದು ಹೆಂಡತಿಗೆ ಇದನ್ನು ಹೇಳಿದೆ. ಅವಳು ನಗಲಿಲ್ಲ, ಒಂದು ಸುತ್ತಾದರೂ ಪೂರ್ತಿ ಹಾಕಿದಿರೋ ಇಲ್ಲವೋ ಎಂದು ಕೇಳಿದಳು.

ಕೊಪ್ಪಳದ ದಾರಿ

ಮುಳುಗುವ ಕಾಡು ಇರುವುದು ಹೊಳೆಯ ಮೇಲುಗಡೆ, ಕೊಪ್ಪಳದ ದಿಕ್ಕಿಗೆ. ಚಕ್ಕಡಿಯಲ್ಲಿ ಹೊರಟೆವು. ಚಕ್ಕಡಿ ಹೊಡೆಯುವವನು ಕುಷ್ಟಗಿ ತಾಲೂಕಿನ ತಾವರಗೇರಾದವನು. ಮರ ಅಳೆಯಲು ಬಂದವರು ಎಂದು ತಿಳಿದಾಗ ತನ್ನ ಊರಿನ ಮಾನ ಕಾಪಾಡಲು ನೋಡಿದ.

"ನಮ್ಮ ಕಡಿ ಬರಬೇಕಾಗಿತ್ತ್ರಿ. ಎರಡ ದಿನದ ಕೆಲಸ ಒಂದ ತಾಸಿಗೆ ಮುಗೀತಿತ್ತು. ನಮ್ಮಲ್ಲಿ ಜ್ವಾಳದ ದಂಟಿಗಿಂತ ಎತ್ತರದ್ದು ಅಂದ್ರ ನಮ್ಮ ಗೌಡನ ಮೂಗು ಒಂದ."

ಈ ಕಡೆಯ ಜನ ಬಡತನವನ್ನೂ ಬಿಸಿಲನ್ನೂ ಹೀಗೆ ನಗೆಯಲ್ಲೇ ದಾಟುತ್ತಾರೆ. ನಮ್ಮ ಕಡೆ ನಾವು ಎರಡು ದಿನ ಮಳೆ ತಡವಾದರೆ ಪಂಚಾಂಗವನ್ನು ಬೈಯುತ್ತೇವೆ. ಮಧ್ಯಾಹ್ನ ಒಂದು ಬೇವಿನ ಕೆಳಗೆ ಬುತ್ತಿ ಬಿಚ್ಚಿ, ರೊಟ್ಟಿ ಮತ್ತು ಪುಂಡಿಪಲ್ಯವನ್ನು ನನ್ನ ಮುಂದಿಟ್ಟರು. ಜೊತೆಗೆ ಕೆಂಪು ಚಟ್ನಿ. ಒಂದು ತುತ್ತು ತಿಂದು ನನ್ನ ಕಣ್ಣು ಮೂಗು ಎಲ್ಲ ಹರಿಯಿತು. ಚಕ್ಕಡಿಯವನು ಗಾಬರಿಯಾಗಿ, "ಖಾರ ಹಾಕೇ ಇಲ್ರಿ ಇದಕ್ಕ" ಎಂದ. ಅವನು ಸುಳ್ಳು ಹೇಳುತ್ತಿರಲಿಲ್ಲ ಎಂದು ಮರುದಿನದ ಚಟ್ನಿ ತಿಂದಾಗ ಗೊತ್ತಾಯಿತು.

ಮತ್ತಿಯ ಕೆಳಗೆ

ಹೊಳೆಯ ದಂಡೆಗೆ ಬಂದಾಗ ಕಾಡು ಒಮ್ಮೆಲೇ ಎದ್ದಿತು. ಹಿಂದೆ ಬೋಳು ಗುಡ್ಡ, ಬಂಡೆ, ಬಿಸಿಲು. ಮುಂದೆ ನೇರಳೆ, ಹೊಂಗೆ, ಹುಣಸೆ, ಅವುಗಳ ನಡುವೆ ಬಿಳಿಯ ತೊಗಟೆಯ ಹೊಳೆಮತ್ತಿ. ಮೂರು ದಿನದಲ್ಲಿ ಮೂವತ್ತು ಮರ ಅಳೆದೆವು. ಎಂಬತ್ತಡಿ ದಾಟಿದ್ದು ನಾಲ್ಕೇ. ನಾಲ್ಕನೆಯ ದಿನ ಒಂದು ಸಣ್ಣ ಊರಿಗೆ ಬಂದೆವು, ಅಂಬಿಗರದೇ ಹದಿನೈದಿಪ್ಪತ್ತು ಮನೆ. ಊರ ಕೆಳಗೆ, ಗೋರಿಗಳ ನಡುವೆ, ಆ ಮರ ನಿಂತಿತ್ತು.

ಹೊಳೆಮತ್ತಿಯೇ. ಆದರೆ ಬೇರೆ ಮತ್ತಿಗಳು ಅದರ ಮುಂದೆ ಅದರ ಮಕ್ಕಳ ಹಾಗೆ ಕಾಣುತ್ತಿದ್ದವು. ಬೊಡ್ಡೆ ನೆಟ್ಟಗೆ, ಒಂದು ಸೊಟ್ಟವಿಲ್ಲ. ನಾನು ಟೋಪಿ ಹಿಡಿದುಕೊಂಡು ತುದಿ ನೋಡಿದೆ. ಹುಸೇನಸಾಬರು ಬೆನ್ನಿಗೆ ಕೈ ಆನಿಸಿದರು. ಹಿಂದಕ್ಕೆ ನಡೆದೆವು, ನಡೆದೆವು, ನಡೆದೇ ನಡೆದೆವು. ದಾರ ನಲವತ್ತೈದಕ್ಕೆ ಬಂದಾಗ ತೊಂಬತ್ತಾರಡಿ. ನನ್ನ ಕಣ್ಣಿನ ಎತ್ತರ ಐದಡಿ. ನೂರೊಂದು. ಹೊಳೆಸಾಲಿನಲ್ಲೇ ಅತಿ ಎತ್ತರದ ಮರ ಸಿಕ್ಕಿತ್ತು. ಆ ಸಂತೋಷದಲ್ಲಿ ನಾನು ಹುಸೇನಸಾಬರ ಕೈ ಕುಲುಕಿದೆ.

ಮರದ ಬುಡದಲ್ಲಿ ಒಬ್ಬ ಮುದುಕಿ ಬಲೆ ಹೊಲಿಯುತ್ತ ಕೂತಿದ್ದಳು. ನಮ್ಮನ್ನು ಬಹಳ ಹೊತ್ತಿನಿಂದ ನೋಡುತ್ತಿದ್ದಳು. ಹೆಸರು ಹುಲಿಗೆವ್ವ. ಹದಿನೆಂಟು ವರ್ಷದ ಹಿಂದೆ ಹೊಳೆಯ ಪಾಲಾದ ಗಂಡನ ಗೋರಿ ಆಕೆಯ ಬದಿಯಲ್ಲೇ ಇತ್ತು. ಒಬ್ಬನೇ ಮಗ ದುರುಗಪ್ಪ, ಅಪ್ಪನ ಹರಿಗೋಲನ್ನೇ ನಡೆಸುತ್ತಾನೆ.

"ಅಳದ್ರೇನ್ರಿ?"

"ಅಳೆದೆವಮ್ಮ. ನೂರೊಂದು ಅಡಿ. ಇಡೀ ಹೊಳೆಗೆ ಇದೇ ದೊಡ್ಡದು."

ಆಕೆಗೆ ಅದು ವಿಶೇಷ ಅನಿಸಲಿಲ್ಲ. ಬಲೆ ಕೆಳಗಿಟ್ಟಳು. "ಗುಡ್ಡದ ಮ್ಯಾಲ ಕಲ್ಲ ನೆಟ್ಟ ಹೋಗ್ಯಾರ ನೋಡ್ರಿ. ಅಲ್ಲೀ ಮಟ ನೀರ ನಿಂದರತೈತಿ ಅಂತಾರ. ಅಲ್ಲೀ ಮಟ ಬಂದ್ರ ಈ ಗಿಡದ ತುದಿ ನೀರಿನ ಮ್ಯಾಲ ಇರತೈತೋ, ಒಳಗ ಹೋಗತೈತೋ? ಬಂದ್ ಬಂದವರನ್ನ ಕೇಳೀನಿ. ಯಾರೂ ಹೇಳವಲ್ಲರು. ನೀವ್ ಹೇಳ್ರಿ."

ಗೋರಿಯ ಮೇಲೆ ಆಕೆಯ ಕೈಯಿತ್ತು. ಊರು ದಿಬ್ಬಕ್ಕೆ ಹೋಗುತ್ತದೆ, ಗೋರಿ ನೀರಿನ ತಳಕ್ಕೆ ಹೋಗುತ್ತದೆ, ಗಂಡ ಮಲಗಿದ ಜಾಗವನ್ನು ದೂರದಿಂದ ನೋಡಲು ಒಂದು ಕೊಂಬೆಯಾದರೂ ಉಳಿಯುತ್ತದೆಯೇ ಎಂದು ಕೇಳುತ್ತಿದ್ದಾಳೆ ಎಂದುಕೊಂಡೆ. ಹೇಳುತ್ತೇನೆ ಎಂದು ಮಾತು ಕೊಟ್ಟೆ.

ಕಲ್ಲಿನವರೆಗೆ

ಕಲ್ಲಿನ ಹತ್ತಿರದಿಂದ ಮರ ಕಾಣುವಂತಿದ್ದರೆ ಒಂದೇ ನೋಟಕ್ಕೆ ತೀರುತ್ತಿತ್ತು. ಗುಡ್ಡದ ಬಂಡೆಗಳು ಅಡ್ಡ ಬಂದಿದ್ದವು. ಹಾಗಾಗಿ ಮರದ ಬುಡದಿಂದ ಕಲ್ಲು ಎಷ್ಟು ಮೇಲಿದೆ ಎಂದು ಮೆಟ್ಟಿಲು ಮೆಟ್ಟಿಲಾಗಿ ಅಳೆಯಬೇಕಾಯಿತು. ಇದರಲ್ಲಿ ಗುರು ಹುಸೇನಸಾಬರು, ಶಿಷ್ಯ ನಾನು. ಆರಡಿಯ ಕೋಲನ್ನು ನೆಟ್ಟಗೆ ನಿಲ್ಲಿಸುವುದು, ಕೋಲಿನ ತುದಿಗೆ ಮಟ್ಟದ ಗಾಜು ಇಟ್ಟು ನೇರ ನೋಡುವುದು, ಗುಡ್ಡದಲ್ಲಿ ಆ ನೋಟ ತಾಗಿದಲ್ಲಿಗೆ ಕೋಲು ಒಯ್ಯುವುದು. ಮತ್ತೆ ನಿಲ್ಲಿಸುವುದು, ಮತ್ತೆ ನೋಡುವುದು. ಬಂಡೆ ಕಾದು ಅಂಗೈ ಸುಡುತ್ತಿತ್ತು. ಒಂದು ಕಡೆ ನನ್ನ ಚಪ್ಪಲಿ ಬಂಡೆಗಳ ಸಂದಿಗೆ ಬಿತ್ತು, ಅದು ಇನ್ನೂ ಅಲ್ಲೇ ಇದೆ. ಹದಿನೇಳು ಕೋಲು ಆಗಿ ಮೇಲೆ ನಾಲ್ಕಡಿ. ಒಟ್ಟು ನೂರಾ ಆರು ಅಡಿ.

ಅನುಮಾನ ಬಂದು ಇಳಿಯುವಾಗಲೂ ಅಳೆದೆವು. ನೂರಾ ಆರೇ.

ಹುಸೇನಸಾಬರು ಸರಪಳಿ ಹಿಡಿದವರು, ಅವರಿಗೆ ಕಳೆಯುವ ಲೆಕ್ಕ ಹೇಳಿಕೊಡಬೇಕಾಗಿರಲಿಲ್ಲ. "ಐದಡಿ ಕಡಿಮಿ ಬಿತ್ತಲ್ರಿ," ಎಂದರು.

ನಾನು ತರಗತಿಯಲ್ಲಿ ಅರ್ಧ ಅಂಕವನ್ನೂ ದಾನ ಮಾಡಿದವನಲ್ಲ. ಮೂವತ್ತೈದಕ್ಕೆ ಒಂದು ಕಡಿಮೆ ಇದ್ದ ಹುಡುಗನ ತಂದೆ ಮನೆಗೆ ಬಂದು ಕಾಲು ಹಿಡಿದರೂ ಮೂವತ್ತನಾಲ್ಕು ಮೂವತ್ತನಾಲ್ಕೇ ಎಂದವನು. ಹಾಗಿದ್ದ ನಾನು ಆ ಸಂಜೆ ಮತ್ತಿಯ ಕೆಳಗೆ ಹುಲಿಗೆವ್ವನ ಮುಖ ನೋಡಿದೆ, ಬಾಯಿಗೆ ಬಂದದ್ದು ಬೇರೆಯೇ.

"ಮೇಲೇ ಇರತ್ತಮ್ಮ. ಒಂದಾಳೆತ್ತರ ನೀರಿನ ಮೇಲೆ ಕಾಣತ್ತೆ. ಎಲ್ಲಿಂದ ನೋಡಿದರೂ ಕಾಣತ್ತೆ."

ಹುಲಿಗೆವ್ವ ದೀರ್ಘವಾಗಿ ಉಸಿರು ಬಿಟ್ಟಳು. ತಲೆ ಎತ್ತಿ ತುದಿ ನೋಡಿದಳು. "ಹಂಗಾರ ಇರಲಿ ಬಿಡ್ರಿ ಗಿಡ," ಎಂದಳು. ಮನೆಗೆ ಹೋಗಿ ನಮಗೆ ಮಜ್ಜಿಗೆ ತಂದುಕೊಟ್ಟಳು. ನನ್ನ ಲೋಟ ಬರಿದಾದಾಗ ಬೇಡವೆಂದರೂ ಮತ್ತೆ ತುಂಬಿದಳು.

ದಾರಿಯಲ್ಲಿ ಹುಸೇನಸಾಬರು, "ಸುಳ್ಳಾದ್ರೂ ಛಲೋ ಸುಳ್ಳು ಹೇಳಿದ್ರಿ. ಮುದಿಜೀವ, ಒಂದಿಷ್ಟ ಸಮಾಧಾನ ಆತು," ಎಂದರು. ನನಗೂ ಹಾಗೇ ಅನ್ನಿಸಿತು. ನಿಜ ಹೇಳಬೇಕೆಂದರೆ ನನ್ನ ಬಗ್ಗೆ ನನಗೇ ಮೆಚ್ಚುಗೆಯಾಗಿತ್ತು.

ಹೊಳೆಯ ನಡುವೆ

ಮರುದಿನ ಬೆಳಿಗ್ಗೆ ಆಚೆ ದಡದ ಮರಗಳನ್ನು ಅಳೆಯಲು ಹೊರಟೆವು. ದುರುಗಪ್ಪನೇ ಹರಿಗೋಲು ಹಾಕಿದ. ಮೂವತ್ತರ ಗಂಡು, ಹೆಚ್ಚು ಮಾತಿನವನಲ್ಲ. ಅವನ ಹುಟ್ಟು ಮಾತ್ರ ಒಂದೇ ಸಮನೆ ಆಡುತ್ತಿತ್ತು. ಬೇಸಿಗೆಯಾದ್ದರಿಂದ ನೀರು ತಿಳಿಯಾಗಿತ್ತು, ಅಡಿಯಲ್ಲಿ ಬಂಡೆಗಳ ಬೆನ್ನು ಕಾಣುತ್ತಿತ್ತು. ಅವನು ಒಂದೊಂದನ್ನೂ ಬಳಸಿ ಹೋಗುವಾಗ ತುಟಿ ಅಲ್ಲಾಡಿಸುತ್ತಿದ್ದ. ಏನು ಎಂದು ಕೇಳಿದೆ.

"ಹೆಸರ ಹೇಳತೀನ್ರಿ. ಇದು ಫಕೀರಪ್ಪ. ಆ ಕಡಿದು ಯಂಕವ್ವ. ಅದರ ಮುಂದಿಂದು ಸಣ್ಣ ಈರ."

"ಬಂಡೆಗೆ ಮನುಷ್ಯರ ಹೆಸರು ಯಾಕಪ್ಪ?"

"ಯಾರ ಹರಗೋಲು ಯಾವ ಬಂಡಿಗೆ ಬಡದು ಚರ್ಮ ಹರದು ಮುಳಗತಾರೋ ಆ ಬಂಡಿಗೆ ಅವರ ಹೆಸರ್ರಿ. ನಮ್ಮ ಹಿರ್ಯಾರ ಕಾಲದಿಂದ ಹಂಗ. ಹೆಸರ ಇದ್ರ ಮರಿಯೂದಿಲ್ಲ ಅಂತ." ಹುಟ್ಟಿನಿಂದ ನೀರಿನಲ್ಲಿ ಒಂದು ಕಪ್ಪು ನೆರಳನ್ನು ತೋರಿಸಿದ. "ಅದು ನಮ್ಮಪ್ಪ."

ನಾನು ಹರಿಗೋಲಿನ ಅಂಚನ್ನು ಬಿಗಿಯಾಗಿ ಹಿಡಿದುಕೊಂಡೆ. ಅವನು ಮಾತಿಗೆ ಬಂದವನು ಮುಂದುವರಿಸಿದ.

"ದೊಡ್ಡ ನೀರ ಬಂದ್ರ ಇವೆಲ್ಲಾ ತಳಕ್ಕ ಹೋಗತಾವ್ರಿ, ಇವುಗಳ ಅಂಜಿಕಿ ಹೋತು. ಉಳದ ಗಿಡ ಎಲ್ಲಾ ಗುತ್ತೇದಾರ ಕಡಕೊಂಡ ಹೋಗತಾನ. ಗೋರಿ ಜಾಗದ್ದಂತ ಈ ಮತ್ತಿ ಒಂದ ಬಿಟ್ಟಾರ. ಅದರ ತುದಿ ನೀರಿನ ಒಳಗ ಅಡಗಿ ನಿಂತಿದ್ರ ಭಾಳ ಕೆಟ್ಟಿತ್ರಿ. ಒಂದ ಕಡ್ಡಿ ಸಾಕು ಚರ್ಮ ಸೀಳಾಕ. ಅವ್ವ ಎರಡ ವರ್ಷದಿಂದ ಅದ ಕೊರಗಿನ್ಯಾಗ ಇದ್ಲು. ಮ್ಯಾಲ ಕಾಣತಿದ್ರ ಇರಲಿ, ಅಡಗತಿದ್ರ ಕಡಸಬೇಕು ಅಂತ. ನೀವ್ ನಿನ್ನಿ ಮ್ಯಾಲ ಇರತೈತಿ ಅಂದ್ರಿ, ಗಿಡ ಉಳೀತ್ರಿ. ಕಣ್ಣಿಗೆ ಕಾಣೂದಕ್ಕ ಹೋಗಿ ಯಾರ ಬಡೀತಾರ?"

ಒಂದು ಮುದುಕಿಯ ಕಣ್ಣೀರು ಒರೆಸಿದೆ ಎಂದು ಬೀಗಿದ್ದೆ. ಅವಳ ಕಣ್ಣಲ್ಲಿ ನೀರೇ ಇರಲಿಲ್ಲ. ಇಲ್ಲದ್ದನ್ನು ಕಂಡವನು ನಾನು. ಗಂಡನನ್ನು ತಿಂದ ಹೊಳೆಯಲ್ಲಿ ಮಗನ ದಾರಿಗೆ ಅಡ್ಡ ಏನಿರುತ್ತದೆ ಎಂದು ಅವಳು ಕೇಳಿದ್ದಳು. ಏನೂ ಇಲ್ಲ ಎಂದು ನಾನು ಹೇಳಿಬಂದಿದ್ದೆ. ಹುಸೇನಸಾಬರ ಮುಖ ನೋಡಿದೆ, ಅವರೂ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದರು.

"ದುರುಗಪ್ಪ, ಹರಿಗೋಲು ತಿರುಗಿಸಪ್ಪ," ಎಂದೆ.

ಮತ್ತೆ ಮತ್ತಿಯ ಕೆಳಗೆ

ಹುಲಿಗೆವ್ವ ನಿನ್ನೆಯ ಜಾಗದಲ್ಲೇ ಕೂತಿದ್ದಳು. ನಾನು ನಿಂತೇ ಹೇಳಿದೆ. ಮರ ನೂರೊಂದು, ಕಲ್ಲು ನೂರಾ ಆರು, ತುದಿ ಐದಡಿ ಒಳಗೆ ಹೋಗುತ್ತದೆ. ನಿನ್ನೆ ಹೇಳಿದ್ದು ಸುಳ್ಳು.

ಆಕೆ ಬೈಯಬಹುದು ಎಂದುಕೊಂಡಿದ್ದೆ. ಬೈಯಲಿಲ್ಲ.

"ಯಾಕ ಹಂಗ ಅಂದ್ರಿ ನಿನ್ನಿ?"

"ನಿಮಗೆ ದುಃಖ ಆಗತ್ತೆ ಅಂತ, ಅಮ್ಮ."

"ದುಃಖ ಆಗಿದ್ದು ಹದಿನೆಂಟ ವರ್ಷದ ಹಿಂದ್ರಿ. ನಾ ಈಗ ಕೇಳಿದ್ದು ಲೆಕ್ಕ."

ಗಣಿತದ ಮೇಷ್ಟ್ರಿಗೆ ಯಾರೂ ಇಂಥ ಮಾತು ಹೇಳಿರಲಾರರು. ಹೇಳಬೇಕಾಗಿ ಬಂದದ್ದು ನನ್ನ ಯೋಗ್ಯತೆ. ತಪ್ಪಿಗೆ ಪರಿಹಾರ ಕೊಡುವ ಅವಸರದಲ್ಲಿ, ಇಡೀ ಮರ ಕಡಿಯುವುದು ಬೇಡ, ತುದಿಯಿಂದ ಇಪ್ಪತ್ತಡಿ ಸವರಿಸಿದರೆ ಹರಿಗೋಲು ಮೇಲೆ ಸಲೀಸಾಗಿ ಹೋಗುತ್ತದೆ ಎಂದೆ.

ತಾಯಿ ಮಗ ಇಬ್ಬರೂ ನನ್ನನ್ನು ನೋಡಿದ ನೋಟ ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

"ನೀರ ಒಂದ ಕಡಿ ನಿಂದರತೈತೇನ್ರಿ ಮಾಸ್ತರ? ಮಳಿಗಾಲಕ್ಕ ಕಲ್ಲಿಗೆ ಬರತೈತಿ, ಬ್ಯಾಸಿಗಿಗೆ ಇಳೀತೈತಿ. ಎಲ್ಲಿ ಸವರಿದ್ರೂ ವರ್ಷದಾಗ ಒಂದ ದಿನ ಅದು ನೀರಿನ ಕೆಳಗ ಗೇಣ ಒಳಗ ಕುಂತಿರತೈತಿ. ಆ ದಿನ ಇವ ಬಂದಿರತಾನ," ಎಂದಳು ಹುಲಿಗೆವ್ವ.

ದುರುಗಪ್ಪ ಗೋರಿ ನೋಡುತ್ತ, "ನೀರ ಬರಾಕ ಇನ್ನೂ ಭಾಳ ವರ್ಷ ಅದಾವಬೇ. ಆಮ್ಯಾಲ ನೋಡೂಣು," ಎಂದ.

"ಆಮ್ಯಾಲ ನಾ ಇರೂದಿಲ್ಲ. ನಾ ಸತ್ತಿಂದ ನೀ ಇದನ್ನ ಕಡಿಯೂದಿಲ್ಲ. ಅಪ್ಪನ ಗಿಡ ಅಂತ ಅಳಕೋತ ಬಿಡ್ತಿ. ನನಗ ಗೊತ್ತೈತಿ ನಿನ್ನ ಬುದ್ಧಿ." ಹುಲಿಗೆವ್ವ ಎದ್ದು ಸೀರೆ ಝಾಡಿಸಿದಳು. "ಕೊಡ್ಲಿ ತಗೊಂಬಾ."

ಕೊಡಲಿ

ಊರಗೌಡರ ಒಪ್ಪಿಗೆ ಒಂದು ಮಾತಿಗೆ ಸಿಕ್ಕಿತು. ಹೇಗಿದ್ದರೂ ಮುಳುಗುವ ಮರ. ಹುಲಿಗೆವ್ವ ಬೊಡ್ಡೆಗೆ ನೀರು ಹಾಕಿ, ಅರಿಶಿನ ಕುಂಕುಮ ಹಚ್ಚಿ, ತೊಗಟೆಗೆ ಕೆನ್ನೆ ಇಟ್ಟು ಏನೋ ಹೇಳಿದಳು. ಗಂಡನಿಗೆ ಹೇಳಿದಳೋ ಮರಕ್ಕೆ ಹೇಳಿದಳೋ, ನಾನು ಕೇಳಿಸಿಕೊಳ್ಳುವಷ್ಟು ಹತ್ತಿರ ಹೋಗಲಿಲ್ಲ. ಮೊದಲ ಏಟು ಆಕೆಯದೇ. ಕೊಡಲಿ ತೊಗಟೆಯಲ್ಲಿ ಸಿಕ್ಕಿಕೊಂಡಿತು, ಕಿತ್ತುಕೊಡಲು ಮಗ ಬರಬೇಕಾಯಿತು.

ನಾಲ್ಕು ಜನ ಸರದಿಯಲ್ಲಿ ಎರಡು ದಿನ ಕಡಿದರು. ನಾವು ಹೊರಟುಬಿಡಬಹುದಿತ್ತು. ಹೋಗಲು ಮನಸ್ಸು ಬರಲಿಲ್ಲ. ಮರ ಗೋರಿಗಳ ಮೇಲೆ ಬೀಳಬಾರದೆಂದು ಮೇಲಿನ ಕವಲಿಗೆ ಹಗ್ಗ ಕಟ್ಟಿ ಹೊಳೆಯ ಮರಳಿನ ಕಡೆಗೆ ಎಳೆಯಬೇಕಾಗಿತ್ತು. ಕೈ ಸಾಲದೆ ಬಂದಾಗ ನಾನೂ ಹುಸೇನಸಾಬರೂ ಹಗ್ಗ ಹಿಡಿದೆವು. ಎತ್ತರದ ಮರಗಳನ್ನು ಬರೆದಿಡಲು ಸುಬ್ಬರಾಯರು ಕಳಿಸಿದ ಮನುಷ್ಯ, ಅವುಗಳಲ್ಲಿ ಎಲ್ಲಕ್ಕಿಂತ ಎತ್ತರದ್ದನ್ನು ಬರಿಗಾಲಲ್ಲಿ ನಿಂತು ಎಳೆಯುತ್ತಿದ್ದ.

ಎರಡನೆಯ ರಾತ್ರಿ ಕಣ್ಣು ಮುಚ್ಚಲಾಗಲಿಲ್ಲ. ಒಂದು ವಿಚಾರ ಎದೆಗೆ ಒದೆಯುತ್ತಿತ್ತು. ಇಷ್ಟಕ್ಕೆಲ್ಲ ಆಧಾರ ನನ್ನ ಹಲಸಿನ ಹಲಗೆ. ನಲವತ್ತೈದರ ಗೀರನ್ನು ನಾನೇ ಚಾಕುವಿನಲ್ಲಿ ಗೀರಿದ್ದೆ, ಅಡುಗೆಮನೆಯ ದೀಪದ ಬೆಳಕಿನಲ್ಲಿ, ಹೆಂಡತಿಯ ಜೊತೆ ಮಾತಾಡುತ್ತ. ಗೀರು ಎರಡು ಕೂದಲೆಳೆ ಅತ್ತಿತ್ತ ಆಗಿ ಮರ ನೂರೊಂದಲ್ಲ, ನೂರೇಳೋ ನೂರೆಂಟೋ ಇದ್ದಿದ್ದರೆ, ತುದಿ ನೀರಿನ ಮೇಲೇ ಇರುತ್ತಿತ್ತು. ಆಗ ಉಳಿಯಬಹುದಾಗಿದ್ದ ಮರವನ್ನು ಕಡಿಸಿಬಿಟ್ಟೆ ಎಂದು ಆಕೆಗೆ ಹೇಗೆ ಹೇಳಲಿ?

ಮರುದಿನ ಹೊತ್ತು ಏರುವ ವೇಳೆಗೆ ಮರ ಬಿತ್ತು. ಭೂಮಿ ಅದುರಿತು, ಆಮೇಲೆ ಬಹಳ ಹೊತ್ತು ಎಲೆಗಳ ಸದ್ದು. ಮರ ನಿಂತಿದ್ದಲ್ಲಿ ಆಕಾಶ ಇಷ್ಟೊಂದು ಇತ್ತೇ ಅನ್ನಿಸಿತು.

ಹುಸೇನಸಾಬರು ನನ್ನ ಮನಸ್ಸನ್ನು ಓದಿದವರಂತೆ ಟೇಪು ತಂದರು. ತುದಿಯ ಕೊಂಬೆಗಳು ಮುರಿದು ಬಿದ್ದಿದ್ದವು, ದುರುಗಪ್ಪ ಒಂದೊಂದನ್ನೇ ತಂದು ಮುರಿದ ಜಾಗಕ್ಕೆ ಹೊಂದಿಸಿ ಇಟ್ಟ. ನಾನು ದೂರ ನಿಂತಿದ್ದೆ. ಹುಲಿಗೆವ್ವ ಟೇಪಿನ ತುದಿಯನ್ನು ತಂದು ನನ್ನ ಕೈಯಲ್ಲಿ ಇಟ್ಟಳು.

"ಹಿಡೀರಿ. ನೀವ ಅಳೀರಿ."

ಬುಡದಿಂದ ಹೊರಟೆವು. ಟೇಪು ಐವತ್ತಡಿಯದು. ಒಂದು ಸಲ ಮುಗಿಯಿತು. ಹುಸೇನಸಾಬರು ಅಲ್ಲಿ ಬೆರಳು ಒತ್ತಿ ಹಿಡಿದರು. ಎರಡನೆಯ ಸಲ ಹಾಸಿದೆ. ನಲವತ್ತು ದಾಟಿತು, ಎಲೆಗಳ ನಡುವೆ ಮೊಣಕಾಲ ಮೇಲೆ ತೆವಳುತ್ತ ಹೋದೆ. ಇಲ್ಲೇ ಮುಗಿ, ಇಲ್ಲೇ ಮುಗಿ ಎಂದು ಆ ಮರವನ್ನು ಬೇಡಿಕೊಂಡೆ. ಎತ್ತರದ ಮರ ಹುಡುಕಿಕೊಂಡು ಹೊಳೆ ದಾಟಿ ಬಂದವನು ಅದು ಗಿಡ್ಡವಾಗಿರಲಿ ಎಂದು ದೇವರಿಗೆ ಹರಕೆ ಹೊತ್ತೆ.

ಕಡೆಯ ಚಿಗುರು ಬಂತು. ನಲವತ್ತೊಂಬತ್ತು ಅಡಿ, ನಾಲ್ಕಂಗುಲ. ನೆಲದಲ್ಲಿ ಉಳಿದ ಮೋಟು ಎರಡಡಿ. ಮೊದಲಿನ ಐವತ್ತನ್ನೂ ಕೂಡಿಸಿದರೆ ನೂರೊಂದು ಅಡಿ ನಾಲ್ಕಂಗುಲ.

ನಾನು ಎಲೆಗಳ ಮೇಲೇ ಕೂತುಬಿಟ್ಟೆ. ಲೆಕ್ಕ ಸರಿ ಬಂದದ್ದಕ್ಕೆ ಅತ್ತದ್ದು ಜೀವಮಾನದಲ್ಲಿ ಅದೊಂದೇ ಸಲ.

"ಸರಿ ಐತೇನ್ರಿ?" ಎಂದಳು ಹುಲಿಗೆವ್ವ.

"ಸರಿ ಇದೆ ಅಮ್ಮ."

ಆಕೆ ಬಿದ್ದ ಬೊಡ್ಡೆಯ ಪಕ್ಕದಲ್ಲೇ ಮೆಲ್ಲಗೆ ನಡೆದು ತುದಿಯವರೆಗೆ ಬಂದಳು. ಅಷ್ಟು ವರ್ಷ ಬರಿಯ ಹಕ್ಕಿಗಳು ಮುಟ್ಟಿದ್ದ ಚಿಗುರನ್ನು ಬೆರಳಲ್ಲಿ ಸವರಿದಳು. ಆಮೇಲೆ ಹೊಳೆಯ ಕಡೆ ತಿರುಗಿದಳು. ಮಗ ಮರಳಿನಲ್ಲಿ ತಲೆ ತಗ್ಗಿಸಿ ಕೂತಿದ್ದ, ಅವನ ಹತ್ತಿರ ಹೋಗಿ ತಲೆಯ ಮೇಲೆ ಕೈ ಇಟ್ಟಳು.

"ಇನ್ನ ಎಲ್ಲಿ ಬೇಕಲ್ಲಿ ಹರಗೋಲ ಹಾಕೋ ಯಪ್ಪಾ," ಎಂದಳು.